ಮಗಳಿಗೆ ಏಳು ವರ್ಷ, ಮೈಗೆ ಇನ್ನೂ ಬಾಣಂತನ

ಉಗರಗೋಳದಲ್ಲಿ ಬಸ್ಸು ಹತ್ತಿದ ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಹಣೆ ತುಂಬ ಭಂಡಾರದ ಅರಿಶಿನ, ಕಂಕುಳಲ್ಲಿ ಒಂದು ಕೈಚೀಲ. ಎಲ್ಲಮ್ಮನ ದರ್ಶನ ಮುಗಿಸಿ ಊರಿಗೆ ಹೊರಟಿದ್ದಳು. ಶುಕ್ರವಾರವಾದ್ದರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಆ ಬಸ್ಸಿನ ಕಂಡಕ್ಟರ್. ಟಿಕೆಟ್ ಮಿಷಿನ್ನು ಎದೆಮಟ್ಟ ಎತ್ತಿ ಹಿಡಿದುಕೊಂಡು, ಜನರ ನಡುವೆ ಅಡ್ಡಡ್ಡ ತೂರಿಕೊಂಡು ಹಿಂದಿನಿಂದ ಮುಂದಕ್ಕೆ ಬರುತ್ತಿದ್ದೆ.

"ಆಧಾರ್ ಕಾರ್ಡ್ ತೋರಸಬೇ ಆಯಿ" ಎಂದೆ.

ಅಜ್ಜಿ ಕಾರ್ಡು ತೆಗೆಯಲಿಲ್ಲ. ನನ್ನ ಹೊಟ್ಟೆಯನ್ನು ನೋಡಿದಳು. ಆಮೇಲೆ ಮುಂದಿನ ಸೀಟಿನ ಕಂಬಿ ಹಿಡಿದು, ಮೊಣಕಾಲಿನ ಮೇಲೆ ಕೈಯೂರಿ, ಕಷ್ಟಪಟ್ಟು ಎದ್ದು ನಿಂತಳು.

"ನೀ ಕುಂದರ ನನ್ನವ್ವಾ. ಇಂಥಾ ಹೊತ್ತಿನ್ಯಾಗ ನಿಂತು ದುಡೀಬಾರದು. ಎಷ್ಟರಾಗ ಅದೀ?"

ಸುತ್ತಲಿನ ನಾಲ್ಕೈದು ಮುಖಗಳು ನನ್ನ ಕಡೆ ತಿರುಗಿದವು. ಇಲ್ಲ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಏಳು."

ಏಳು ತಿಂಗಳೆಂದು ಅಜ್ಜಿ ತಿಳಿದಳು. ನನ್ನ ತಲೆ ಮುಟ್ಟಿ ನೆಟಿಗೆ ಮುರಿದಳು, ಚೀಲದಿಂದ ಎರಡು ಪೇರಲಹಣ್ಣು ತೆಗೆದು ಕೈಗಿಟ್ಟಳು. ನನ್ನ ಮಗಳು ಸಿಂಚನಾಳಿಗೆ ಆಗ ಏಳು ವರ್ಷ. ಆಕೆಯ ನಂತರ ನನಗೆ ಬೇರೆ ಕೂಸು ಆಗಿಲ್ಲ, ಹೊಟ್ಟೆಯಲ್ಲೂ ಇರಲಿಲ್ಲ. ಬೈಲಹೊಂಗಲ ಬರುವವರೆಗೂ ನಾನು ಆ ಸೀಟಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಮುದುಕಿ ನಿಂತಿದ್ದಳು. ನನ್ನ ಸೇವೆಯಲ್ಲಿ ಅದಕ್ಕಿಂತ ನಾಚಿಕೆಯ ಪ್ರಯಾಣ ಇನ್ನೊಂದಿಲ್ಲ.

ಇದನ್ನು ಮೊದಲು ಹೇಳಲು ಕಾರಣವಿದೆ. ದಪ್ಪಗಿದ್ದೇನೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಒಂದು ಉತ್ತರವನ್ನೂ ಇಟ್ಟುಕೊಂಡಿದ್ದೆ. ಯಾರು ಏನು ಕೇಳಿದರೂ, "ಈಕಿ ಹುಟ್ಟಿದ ಮ್ಯಾಲ ಹಿಂಗಾತ್ರಿ" ಎಂದು ಮಗಳನ್ನು ತೋರಿಸುತ್ತಿದ್ದೆ. ಮದುವೆಯಲ್ಲಿ ಐವತ್ತನಾಲ್ಕು ಕಿಲೋ ಇದ್ದವಳು ಹೆರಿಗೆಯಾದಾಗ ಎಪ್ಪತ್ತು ಆಗಿದ್ದೆ. ಅತ್ತೆ ಗಂಗವ್ವ ಮನೋಳಿಯ ತವರಿನಿಂದ ತರಿಸಿದ ತುಪ್ಪದಲ್ಲಿ ಅಂಟಿನ ಉಂಡಿ ಕಟ್ಟಿ, ದಿನಕ್ಕೆರಡರಂತೆ ಎದುರು ಕೂತು ತಿನ್ನಿಸಿದ್ದಳು. ಬಾಣಂತಿ ಮೈ, ವರ್ಷದೊಳಗೆ ತಾನೇ ಇಳಿಯುತ್ತದೆ ಎಂದಳು. ಇಳಿಯಲಿಲ್ಲ. ಎರಡನೇ ವರ್ಷ ಎಪ್ಪತ್ತೈದು. ಐದನೇ ವರ್ಷ ಎಂಬತ್ತು. ಅಜ್ಜಿ ಸೀಟು ಬಿಟ್ಟುಕೊಟ್ಟ ಹೊತ್ತಿಗೆ ಎಂಬತ್ತಮೂರು.

ನಡುವೆ ಪ್ರಯತ್ನ ಪಡದೇ ಇರಲಿಲ್ಲ. ಜೀರಿಗೆ ನೀರು ಕುಡಿದೆ. ಹೊಸ ಬೂಟು ತಂದು ವಾಕಿಂಗ್ ಹೋದೆ. ತಂಗಿಯ ಮದುವೆಗೆ ಹಳೆಯ ಕುಬಸ ಹಾಕಿಕೊಳ್ಳಬೇಕೆಂದು ಹದಿನೈದು ದಿನ ರಾತ್ರಿಯೂಟ ಬಿಟ್ಟೆ. ಮದುವೆಯ ದಿನ ಮೂರು ಹೋಳಿಗೆ ತಿಂದೆ. ಪ್ರತಿ ಸೋಮವಾರ ಶುರು ಮಾಡುತ್ತಿದ್ದೆ, ಗುರುವಾರ ಕಿತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಬಾಣಲೆಯಿಂದ ಏಳುವ ಹೊತ್ತಿಗೆ ಮುಗಿದಿರುತ್ತಿತ್ತು. ಆ ಅಜ್ಜಿಯ ದಿನವೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಸೋಮವಾರದಿಂದ ಶುರು ಎಂದು ನಿಶ್ಚಯಿಸಿದೆ, ಮತ್ತೆ ಗುರುವಾರ ಬಿಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಮೂರು ವಾರದ ನಂತರ. ಅದೂ ನನ್ನ ಸಲುವಾಗಿ ಹೋದ ಆಸ್ಪತ್ರೆಯಲ್ಲಲ್ಲ.

ಅತ್ತೆಗೆ ಅಂಗಾಲು ಉರಿ ಶುರುವಾಗಿತ್ತು. ಅರವತ್ತೆಂಟರ ಹೆಂಗಸು, ಕಡ್ಡಿಯಂಥ ಮೈ. ಸಕ್ಕರೆ ಇದ್ದರೂ ಇರಬಹುದೆಂದು ನನ್ನ ವಾರದ ರಜೆಯ ದಿನ ಬೈಲಹೊಂಗಲದ ಒಂದು ಸಣ್ಣ ದವಾಖಾನೆಗೆ ಕರೆದುಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಒಂದೂವರೆ ತಾಸು ಕಾದೆವು. ಒಳಗೆ ನರ್ಸು ಬೆರಳಿಗೆ ಸೂಜಿ ಚುಚ್ಚಲು ಹೋದಾಗ ಅತ್ತೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಏಳು ಹೆತ್ತವಳು, ಕುಡಗೋಲಿನಿಂದ ಕೈ ಕೊಯ್ದುಕೊಂಡು ಅರಿಶಿನ ಒತ್ತಿ ಮತ್ತೆ ಕೊಯ್ಲಿಗೆ ಬಾಗಿದವಳು, ಒಂದು ಸೂಜಿಗೆ ಅಂಜಿದಳು.

"ಮೊದಲ ನಮ್ಮ ನೀಲಾಗ ಚುಚ್ಚವಾ. ಆಕಿ ಏನ್ ಅಂತಾಳ ನೋಡಿ ಆಮ್ಯಾಲ ನಾ ಕೊಡತೇನಿ."

ನರ್ಸು ನಕ್ಕಳು. ನಾನೂ ನಕ್ಕು ಬೆರಳು ಚಾಚಿದೆ. ಮಕ್ಕಳಿಗೆ ಧೈರ್ಯ ಹೇಳಲು ದೊಡ್ಡವರು ಮದ್ದು ನೆಕ್ಕಿ ತೋರಿಸುತ್ತಾರಲ್ಲ, ಹಾಗೆ. "ನೋಡ್ರಿ ಅತ್ತಿ, ಇರುವಿ ಕಡದಂಗ" ಎಂದೆ. ಅತ್ತೆ ಆಮೇಲೆ ಕೈ ಕೊಟ್ಟಳು. ಅವಳದು ನೂರಾ ನಾಲ್ಕು. ನರ್ಸು ಬರೆದುಕೊಂಡಳು. ನನ್ನ ರಕ್ತ ಹತ್ತಿದ ಪಟ್ಟಿಯನ್ನು ಬಿಸಾಡಲು ಹೊರಟವಳು ಮಿಷಿನ್ನಿನಲ್ಲಿ ಉಳಿದಿದ್ದ ಹಿಂದಿನ ಅಂಕಿ ನೋಡಿ ನಿಂತಳು.

"ಅಕ್ಕಾರ, ಪ್ರಸಾದ ಏನರೆ ಮುಟ್ಟೀರೇನ್ರಿ? ಬೆಲ್ಲ?"

"ಇಲ್ಲವಾ."

"ಸೋಪ್ ಹಚ್ಚಿ ಕೈ ತೊಳಕೊಂಡ ಬರ್ರಿ."

ತೊಳೆದುಕೊಂಡು ಬಂದೆ. ಬೇರೆ ಬೆರಳಿಗೆ ಚುಚ್ಚಿದಳು. ಮೊದಲು ಮುನ್ನೂರಾ ಹದಿನೆಂಟು ಬಂದಿತ್ತು. ಈಗ ಮುನ್ನೂರಾ ಹನ್ನೊಂದು.

ಅತ್ತೆಗೆ ಸಿಟ್ಟು ಬಂತು. "ನಿನ್ನ ಮಿಷಿನ್ ಕೆಟ್ಟೈತಿ ತಗಿ. ನಂದೂ ಆಕೀದೂ ಅದಲಬದಲ ಮಾಡೀದಿ. ಮುದುಕಿ ನಾ ಇದ್ದೇನಿ, ರೋಗ ಅಂತ ಬಂದಾಕಿ ನಾ ಇದ್ದೇನಿ, ಆಕಿಗ್ಯಾಕ ಬರತೈತಿ?" ಎಂದು ನರ್ಸಿನ ಮೇಲೆ ಕೂಗಾಡಿದಳು. ಕೂಗಾಡುತ್ತಲೇ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. ನಾನು ಮೂವತ್ನಾಲ್ಕರವಳು. ಆ ಹಿಡಿತದಲ್ಲೇ ನನಗೆ ಹೆದರಿಕೆ ತಿಳಿದದ್ದು.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ಹೆಂಗಸು. ಮೊದಲು ಕೇಳಿದ ಪ್ರಶ್ನೆಯೇ ನನ್ನನ್ನು ಅಲ್ಲಾಡಿಸಿತು.

"ಬಸರಿದ್ದಾಗ ಸಕ್ಕರಿ ಬಂದಿತ್ತೇನ್ರಿ?"

ಬಂದಿತ್ತು. ಆರನೇ ತಿಂಗಳಲ್ಲಿ ಬಂದಿತ್ತು. ಹೆರಿಗೆಯಾದ ಮೇಲೆ ಒಂದು ಸಲ ನೋಡಿ, ಸರಿಯಾಗಿದೆ ಎಂದಿದ್ದರು. ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿಕೊಳ್ಳಿ ಎಂದೂ ಹೇಳಿದ್ದರು. ಮನೆಯಲ್ಲಿ ಎಲ್ಲರೂ "ಸಕ್ಕರಿ ಕೂಸಿನ ಜೋಡಿನ ಹೊಂಟ ಹೋತು" ಎಂದರು. ನನಗೆ ಅದೇ ಬೇಕಾಗಿತ್ತು, ನಂಬಿದೆ.

"ವರ್ಷಾ ವರ್ಷಾ ತೋರಿಸಿದ್ರೇನ್ರಿ?"

ಏಳು ವರ್ಷದಲ್ಲಿ ಒಮ್ಮೆಯೂ ಇಲ್ಲ. ಬಾಯಿ ಒಣಗುವುದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆ. ಟಿಕೆಟ್ ಮಿಷಿನ್ನಿನ ಅಕ್ಷರ ಮಸಕಾದದ್ದು ಮಿಷಿನ್ನು ಹಳೆಯದಾದದ್ದಕ್ಕೆ ಎಂದುಕೊಂಡಿದ್ದೆ. ರಾಮದುರ್ಗದ ರೂಟಿನಲ್ಲಿ ಹೆಂಗಸರಿಗೆ ದಾರಿಯಲ್ಲಿ ಇಳಿಯಲು ಜಾಗವಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಆದರೂ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತಿತ್ತು. ಅದಕ್ಕೂ ಹೆರಿಗೆಯನ್ನೇ ದೂರಿದ್ದೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಹತ್ತರ ಮೇಲೆ ಬಂತು. ಆರೂವರೆ ದಾಟಿದರೇ ಸಕ್ಕರೆ ಕಾಯಿಲೆ ಎಂದರು. "ಗುಳಿಗಿ ಕೊಡತೇನಿ. ಆದರ ತೂಕ ಇಳೀಬೇಕ್ರಿ. ಕಣ್ಣೂ ಒಂದ್ಸಲ ತೋರಸ್ರಿ" ಎಂದರು.

ಕಣ್ಣು ಎಂದ ಕೂಡಲೇ ಉಳಿದ ಮಾತು ನನಗೆ ಕೇಳಿಸಲಿಲ್ಲ. ಕಣ್ಣಿಲ್ಲದ ಕಂಡಕ್ಟರ್ ಉಂಟೆ?

ಕಣ್ಣಿನ ದವಾಖಾನೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ ಸಾಲಾಗಿ ಕೂರಿಸಿದ್ದರು. ಎಲ್ಲರೂ ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದ್ದೆವು. ಪಕ್ಕದಲ್ಲಿದ್ದ ಹೆಂಗಸಿನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ನಾನು ಅಳುತ್ತಿರುವುದು ಆಕೆಗೆ ಉಸಿರಿನಲ್ಲೇ ತಿಳಿದಿರಬೇಕು. "ಅಳಬ್ಯಾಡ್ರಿ, ಹನಿ ಎಲ್ಲಾ ತೊಳಕೊಂಡ ಹೊಕ್ಕಾವು, ಮತ್ತ ಮೊದಲಿಂದ ಹಾಕತಾರ" ಎಂದಳು. ಅಳುವ ನಡುವೆ ನಗು ಬಂತು. ಆಕೆ ನನ್ನ ಮಂಡಿಯ ಮೇಲೆ ಕೈಯಿಟ್ಟು, ತನ್ನ ಸರದಿ ಬರುವವರೆಗೂ ತೆಗೆಯಲಿಲ್ಲ. ನನ್ನ ಕಣ್ಣಿಗೆ ಇನ್ನೂ ಏನೂ ಆಗಿರಲಿಲ್ಲ. ಮಸಕು ಸಕ್ಕರೆ ಇಳಿದರೆ ಹೋಗುತ್ತದೆ ಎಂದರು.

ನನ್ನ ಗಂಡ ಮಹಾಂತೇಶ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮಾತು ಕಡಿಮೆ. ಡಾಕ್ಟರ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಕಿಸೆಯಲ್ಲಿ ಇಟ್ಟುಕೊಂಡ. ಮರುದಿನ ಮುಂಜಾನೆ "ಇನ್ನ ಈ ಮನ್ಯಾಗ ಯಾರ ಚಹಾಕ್ಕೂ ಸಕ್ಕರಿ ಬ್ಯಾಡ" ಎಂದು ಸಾರಿದ. ಅದೇ ವಾರ ನಾನು ಬಸ್ಸಿನಿಂದ ಇಳಿಯುವಾಗ, ಅವನು ಗೂಡಂಗಡಿಯ ಹಿಂದೆ ನಿಂತು ಸಿಹಿ ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡು ಕಪ್ಪನ್ನು ಬೆನ್ನ ಹಿಂದೆ ಹಿಡಿದ. ಅತ್ತೆಯದು ಬೇರೆ. ಎಂಟು ದಿನ ಒಲೆಯ ಮುಂದೆ ಬರಲಿಲ್ಲ. "ನನ್ನ ಕೈಯಾಗಿನ ಉಂಡಿನ ನಿನಗ ವಿಷ ಆತು" ಎನ್ನುತ್ತಿದ್ದಳು. ಅಲ್ಲ ಎಂದು ಡಾಕ್ಟರಿಂದಲೇ ಹೇಳಿಸಬೇಕಾಯಿತು.

ನಾನು ಶುರು ಮಾಡಿದೆ. ಈ ಸಲ ಸೋಮವಾರಕ್ಕೆ ಕಾಯಲಿಲ್ಲ. ಕಿತ್ತೂರಿನಲ್ಲಿ ಬಸ್ಸು ನಿಲ್ಲುವ ಅರ್ಧ ತಾಸಿನಲ್ಲಿ ಭಜಿ ಅಂಗಡಿಗೆ ಬೆನ್ನು ಮಾಡಿ ಕೋಟೆಯ ಕಡೆ ನಡೆದು ಬರುತ್ತಿದ್ದೆ. ಮೂರು ರೊಟ್ಟಿ ಒಂದೂವರೆಯಾಯಿತು. ತಾಟಿನಲ್ಲಿ ಪಲ್ಲೆ ಮತ್ತು ಹೆಸರುಕಾಳು ಹೆಚ್ಚಾಯಿತು. ಒಂಬತ್ತು ತಿಂಗಳಲ್ಲಿ ಎಂಬತ್ತಮೂರರಿಂದ ಎಪ್ಪತ್ನಾಲ್ಕಕ್ಕೆ ಬಂದೆ. ಮೊದಲ ನಾಲ್ಕು ತಿಂಗಳು ಡಿಪೋದಲ್ಲಿ ಎಲ್ಲರೂ ಹೊಗಳಿದರು. ಆ ಹೊಗಳಿಕೆಯ ಮೇಲೆಯೇ ನಾನು ನಡೆಯುತ್ತಿದ್ದೆ. ಆಮೇಲೆ ಅವರಿಗೆ ರೂಢಿಯಾಯಿತು. ಯಾರೂ ಏನೂ ಅನ್ನಲಿಲ್ಲ. ತೂಕವೂ ಎಪ್ಪತ್ನಾಲ್ಕರಲ್ಲೇ ನಿಂತುಬಿಟ್ಟಿತು. ಒಂದು ತಿಂಗಳು, ಎರಡು ತಿಂಗಳು. ಅಷ್ಟೇ ನಡಿಗೆ, ಅಷ್ಟೇ ರೊಟ್ಟಿ, ತೂಕದ ಕಾಟಾ ಮಾತ್ರ ಅಲ್ಲಾಡದು.

ಹುಮ್ಮಸ್ಸು ಇಳಿಯುತ್ತಿದ್ದಂತೆ ನಾನು ಬೈಗುಳ ಹಿಡಿದೆ. ಬೇರೆ ಯಾರಿಗೂ ಅಲ್ಲ, ನನಗೇ. ದಿನಾ ಮುಂಜಾನೆ ಕಾಟಾದ ಮೇಲೆ ನಿಂತು ಅಂಕಿಯನ್ನು ಜೋರಾಗಿ ಓದುತ್ತಿದ್ದೆ. ಕನ್ನಡಿಯ ಮುಂದೆ ಯೂನಿಫಾರ್ಮ್ ಹಾಕಿಕೊಳ್ಳುವಾಗ "ಎಮ್ಮಿ, ಎಮ್ಮಿ ಇದ್ದಂಗ ಅದೀ. ನಾಚಿಕಿ ಬರಂಗಿಲ್ಲೇನ ನಿನಗ?" ಎನ್ನುತ್ತಿದ್ದೆ. ಚುಚ್ಚಿದರೆ ಎದ್ದು ನಡೆಯುತ್ತೇನೆ ಎಂಬ ಲೆಕ್ಕ. ಕೆಲವು ದಿನ ನಡೆದದ್ದೂ ಹೌದು. ಹಿಂದೆ ಹಾಸಿಗೆಯಲ್ಲಿ ಕೂತು ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ಮನಸ್ಸಿಗೇ ಬರಲಿಲ್ಲ.

ಒಂದು ದಿನ ಸವದತ್ತಿಯಲ್ಲಿ ಬಸ್ಸು ನಿಂತಿದ್ದಾಗ ಸಿಂಚನಾಳ ಶಾಲೆಯಿಂದ ಫೋನು ಬಂತು. ಪ್ರಾರ್ಥನೆಯ ಹೊತ್ತಿನಲ್ಲಿ ಮಗಳು ತಲೆ ತಿರುಗಿ ಬಿದ್ದಿದ್ದಳು. ಎಚ್ಚರಾಗಿದ್ದಾಳೆ, ಗಾಬರಿ ಬೇಡ ಎಂದರು ಟೀಚರು. ಟ್ರಿಪ್ಪು ಮುಗಿಸಿ, ರಜೆ ಕೇಳಿ ಶಾಲೆಗೆ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಈಕೆಗೂ ಸಕ್ಕರೆ ಬಂತು.

ಟೀಚರು ನನ್ನನ್ನು ಪಕ್ಕಕ್ಕೆ ಕರೆದರು. "ಸಿಂಚನಾ ಒಂದ ತಿಂಗಳಾತ್ರಿ ಬುತ್ತಿ ಉಣವಲ್ಲಳು. ರೊಟ್ಟಿ ಎಲ್ಲಾ ಗೆಳತ್ಯಾರಿಗೆ ಕೊಡತಾಳಂತ. ಇವತ್ತ ಹುಡುಗ್ಯಾರು ಹೇಳಿದ ಮ್ಯಾಲ ನಮಗ ಗೊತ್ತಾತು."

ಮನೆಗೆ ಕರೆತಂದು ಎದುರು ಕೂರಿಸಿಕೊಂಡೆ. ಅತ್ತೆ ತಾಟಿನಲ್ಲಿಟ್ಟು ಹಾಲು ತಂದಳು. ಮಗಳು ಲೋಟ ಮುಟ್ಟಲಿಲ್ಲ. ಅವಳ ಕೈ ಹಿಡಿದಾಗ, ಬಳೆ ಮೊಣಕೈವರೆಗೆ ಜಾರಿದ್ದನ್ನು ನೋಡಿದೆ. ನನ್ನ ಮೈಯನ್ನು ದಿನಾ ತೂಗುತ್ತಿದ್ದವಳು ಮಗಳ ಮೈ ಇಳಿದದ್ದನ್ನು ನೋಡಿರಲಿಲ್ಲ.

"ಯಾಕ ಉಣವಲ್ಲಿ ಸಿಂಚು? ಹೊಟ್ಟಿ ನೋಯತೈತೇನು?"

ತಲೆಯಲ್ಲಾಡಿಸಿದಳು.

"ಮತ್ತ?"

"ನಾ ಎಮ್ಮಿ ಆಗಬಾರದು."

ಅತ್ತೆ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟ ಸದ್ದಾಯಿತು. ಮಗಳು ನೆಲ ನೋಡುತ್ತಲೇ ಇನ್ನೂ ಹೇಳಿದಳು.

"ನಾ ನಿನ್ನ ಹೊಟ್ಟ್ಯಾಗ ಬಂದಿದ್ದಕ್ಕ ನಿನಗ ಸಕ್ಕರಿ ಬಂತಲ್ಲ. ನಾ ಹುಟ್ಟಿದ್ದಕ್ಕ ನೀ ದಪ್ಪ ಆದಿ. ನೀನ ಎಲ್ಲಾರಿಗೂ ಹೇಳತೀ. ಹೊಟ್ಟ್ಯಾಗ ನಾ ಸಣ್ಣಾಕಿ ಆಗಿ ಇದ್ದಿದ್ರ ನಿನಗ ಏನೂ ಆಗತಿರಲಿಲ್ಲ."

ಮುನ್ನೂರಾ ಹದಿನೆಂಟು ಎಂದಾಗಲೂ ನನಗೆ ಹಾಗಾಗಿರಲಿಲ್ಲ. ಈಕಿ ಹುಟ್ಟಿದ ಮ್ಯಾಲ ಹಿಂಗಾತ್ರಿ. ಎಷ್ಟು ಜನಕ್ಕೆ ಹೇಳಿದ್ದೆ! ಡ್ರೈವರಿಗೆ, ನೆರೆಮನೆಯವರಿಗೆ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಗುರುತಾದವರಿಗೆ. ಹೇಳುವಾಗಲೆಲ್ಲ ಆಕೆಯ ತಲೆಯ ಮೇಲೆ ಕೈಯಿಟ್ಟಿರುತ್ತಿದ್ದೆ. ಎಂಟು ವರ್ಷದ ಕೂಸು ಅದನ್ನೆಲ್ಲ ಒಂದೊಂದಾಗಿ ಎತ್ತಿಟ್ಟುಕೊಂಡಿತ್ತು. ತಾನು ಮಾಡಿದ ತಪ್ಪೆಂದುಕೊಂಡು ತಾನೇ ಊಟ ಬಿಟ್ಟಿತ್ತು.

ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಏನು ಹೇಳಿದೆ ಎಂಬುದು ಪೂರ್ತಿ ನೆನಪಿಲ್ಲ. "ನಿನ್ನಿಂದ ಏನೂ ಆಗಿಲ್ಲ, ನಾ ಸುಳ್ಳ ಹೇಳತಿದ್ದೆ" ಎಂದದ್ದು ನೆನಪಿದೆ. ಅವಳಿಗೆ ಸಮಾಧಾನವಾಗಲಿಲ್ಲ. "ಸುಳ್ಳ ಯಾಕ ಹೇಳಿದಿ?" ಎಂದು ಕೇಳಿದಳು. "ನನಗ ನಾಚಿಕಿ ಆಗತಿತ್ತು. ಯಾರ ಮ್ಯಾಲರೆ ಹಾಕಬೇಕಾಗಿತ್ತು" ಎಂದೆ. ಅತ್ತೆ ಮುಂದೆ ಬಂದು ಮೊಮ್ಮಗಳ ಕಾಲಬುಡದಲ್ಲಿ ಕೂತಳು. "ನಿಮ್ಮವ್ವ ಒಬ್ಬಾಕಿನ ಅಲ್ಲ, ನಾನೂ ಅಂದೇನಿ. ಹಾಳ ಬಾಯಿ ನಂದು" ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮಗಳು ಅಜ್ಜಿಯ ಕೈ ಹಿಡಿದು ನಿಲ್ಲಿಸಿದಳು.

ಮಗಳನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಇರಲಿಲ್ಲ, ರಕ್ತ ಕಡಿಮೆಯಿತ್ತು. ನನ್ನನ್ನು ಹೊರಗೆ ಕೂರಿಸಿ ಅವರು ಅವಳ ಜೊತೆ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಹೊರಬಂದಾಗ ನನಗೆ ಹೇಳಿದ್ದು ಇಷ್ಟೆ: "ಕಾಟಾ ಮನಿಯಿಂದ ಹೊರಗ ಹಾಕ್ರಿ. ತಿಂಗಳಿಗೊಮ್ಮೆ ಇಲ್ಲೇ ಬಂದು ನಿಂದರ್ರಿ ಸಾಕು. ಮತ್ತ ಆಕಿ ಮುಂದ ನೀವು ಹೊಟ್ಟಿ ತುಂಬ ಉಣಬೇಕು, ನಕ್ಕೋತ ಉಣಬೇಕು."

ಇಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಐದು ವಾರ ನಡೆಯುವುದನ್ನೇ ಬಿಟ್ಟೆ. ನನ್ನನ್ನು ನಾನು ಬೈಯದೆ ಎದ್ದು ನಡೆಯುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಬೈಗುಳ ತೆಗೆದರೆ ಒಳಗೆ ಬೇರೆ ಏನೂ ಇರಲಿಲ್ಲ. ಮಗಳು ಉಣ್ಣಲೆಂದು ನಾನೂ ಅವಳ ಜೊತೆ ಎರಡೆರಡು ಸಲ ಉಂಡೆ. ಎಪ್ಪತ್ತೇಳಾಯಿತು, ಸಕ್ಕರೆಯೂ ಏರಿತು. ದವಾಖಾನೆಯ ಮುಂದೆ ಎರಡು ಸಲ ಹೋಗಿ ವಾಪಸ್ಸು ಬಂದೆ. ಮೂರನೇ ಸಲ ಒಳಗೆ ಹೋಗಿ, ಬೈಸಿಕೊಳ್ಳಲು ತಲೆ ತಗ್ಗಿಸಿ ಕೂತೆ.

"ಮತ್ತ ಬಂದ್ರಲ್ಲ" ಎಂದರು ಡಾಕ್ಟರು. "ಬರಲಾರದವರದ ನನಗ ಚಿಂತಿ. ಬಂದವರದಲ್ಲ."

ಅಷ್ಟೇ. ಗುಳಿಗೆ ಬದಲಿಸಿ ಬರೆದುಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಿದ್ದವಳನ್ನು ಯಾರೂ ಬೈಯಲಿಲ್ಲ ಎಂಬುದೇ ನನಗೆ ನಂಬಲಾಗದ ಸಂಗತಿಯಾಗಿತ್ತು. ಆಮೇಲೆ ಅಲ್ಲಿಂದ ಮನೆಯವರೆಗೆ ನಡೆದೇ ಹೋದೆ. ತೂಕ ಇಳಿಸಲೆಂದಲ್ಲ, ಆಟೋದವನ ಮುಂದೆ ಅಳಬಾರದೆಂದು.

ಅದಾಗಿ ಒಂದೂವರೆ ವರ್ಷ. ಈಗ ಎಪ್ಪತ್ತೊಂದು ಇದ್ದೇನೆ. ಐವತ್ತನಾಲ್ಕು ಇನ್ನು ಬರುವುದಿಲ್ಲ, ಅದರ ಆಸೆಯನ್ನೂ ಬಿಟ್ಟಿದ್ದೇನೆ. ಮೂರು ತಿಂಗಳ ಪರೀಕ್ಷೆ ಆರರ ಆಸುಪಾಸಿನಲ್ಲಿದೆ, ಗುಳಿಗೆ ಒಂದು ಉಳಿದಿದೆ. ಹುಮ್ಮಸ್ಸು ದಿನಾ ಬರುವುದಿಲ್ಲ. ಬಾರದ ದಿನ ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. "ನನ್ನ ಅಂಗಾಲ ಉರಿಗೆ ನಡೀಬೇಕಂತ, ಒಬ್ಬಾಕಿನ ಹೆಂಗ ಹೋಗಲಿ?" ಎನ್ನುತ್ತಾಳೆ. ಅವಳ ಉರಿ ಹೋಗಿ ವರ್ಷವಾಯಿತೆಂದು ಇಬ್ಬರಿಗೂ ಗೊತ್ತು. ಇದನ್ನು ಓದುವವರಲ್ಲಿ ನನ್ನ ಹಾಗೆ ಬಸಿರಿನಲ್ಲಿ ಸಕ್ಕರೆ ಬಂದು ಹೋದವರಿದ್ದರೆ, ನಾಳೆಯೇ ಬೆರಳು ಕೊಟ್ಟು ಬನ್ನಿ. ಅತ್ತೆಯ ಸೂಜಿಯ ಹೆದರಿಕೆಗೆ ಕಾಯಬೇಡಿ.

ಹೋದ ರವಿವಾರ ನನಗೆ ರಜೆಯಿತ್ತು. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದೆ. ಸಿಂಚನಾ ಬಂದು ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟಳು. ಈಗ ಹತ್ತನೇ ವರ್ಷದಲ್ಲಿದ್ದಾಳೆ, ಕಾಲುಗಳು ಚಾಪೆಯಿಂದ ಹೊರಗೆ ಚಾಚುತ್ತವೆ. ಏನನ್ನೋ ಅಳೆಯುವವಳಂತೆ ಕೈಯಾಡಿಸಿದಳು.

"ಅವ್ವಾ, ನಾ ಇಲ್ಲೇ ಇದ್ನೇನು?"

"ಹೂಂ. ಇಲ್ಲೇ ಇದ್ದಿ."

"ಒಂಬತ್ತ ತಿಂಗಳಾ?"

"ಎಂಟ ದಿನ ಹೆಚ್ಚಿಗಿನ ಇದ್ದಿ. ಹೊರಗ ಬರವಲ್ಲಿ."

ಅವಳು ಎದ್ದು ಕೂತು ನನ್ನ ಹೊಟ್ಟೆಯನ್ನು ಬಹಳ ಗಂಭೀರವಾಗಿ ನೋಡಿದಳು, ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು.

"ಈಗ ಹಿಡಿಸಂಗಿಲ್ಲ ಬಿಡು" ಎಂದಳು.

ನಾನು ನಕ್ಕೆ. ಆ ಹೊಟ್ಟೆಯ ಬಗ್ಗೆ ಯಾರೋ ಆಡಿದ ಮಾತಿಗೆ ನಾನು ನಕ್ಕದ್ದು ಅದೇ ಮೊದಲು. ನಗು ನಿಲ್ಲಲಿಲ್ಲ, ಹೊಟ್ಟೆ ಕುಣಿಯಿತು. ಅದು ಕುಣಿಯುವುದನ್ನು ನೋಡಿ ಅವಳೂ ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ಅತ್ತೆ ಏನಾಯಿತೆಂದು ಕೂಗಿದಳು.

ನಗು ಮುಗಿದ ಮೇಲೆ ಸಿಂಚನಾ ಕಣ್ಣೊರೆಸಿಕೊಂಡು, "ಅವ್ವಾ, ಹಸಿವಾಗೇತಿ. ಎರಡ ರೊಟ್ಟಿ ಬಡಿ" ಎಂದಳು.

ನಾನು ಎದ್ದು ಹಿಟ್ಟು ನಾದಲು ಕೂತೆ.